ಹವಳದ ಅಣಬೆ ಮತ್ತು ಅಳಿಯನ ಮರ್ಯಾದೆ

ಹೆಂಡತಿಯ ತವರಿನಲ್ಲಿ ಅಳಿಯನಿಗೆ ಸಿಗುವ ಮರ್ಯಾದೆ ಎರಡು ಬಗೆಯದು. ಹಬ್ಬಕ್ಕೆ ಹೋದರೆ ಸಿಗುವುದು ಒಂದು, ರಜೆಗೆ ಹೋದರೆ ಸಿಗುವುದು ಇನ್ನೊಂದು. ಹಬ್ಬದ ಮರ್ಯಾದೆಯಲ್ಲಿ ಒಬ್ಬಟ್ಟು, ಪಂಚೆ, ಶಲ್ಯ ಎಲ್ಲ ಇರುತ್ತವೆ. ರಜೆಯ ಮರ್ಯಾದೆ ಮೂರನೆಯ ದಿನಕ್ಕೇ ತೀರಿಹೋಗಿ, ನಾಲ್ಕನೆಯ ದಿನ "ಮೇಷ್ಟ್ರೆ, ಸುಮ್ನೆ ಕೂತಿದೀರಲ್ಲ, ಈ ಹಗ್ಗ ಒಂಚೂರು ಹಿಡ್ಕೊಳ್ಳಿ" ಎನ್ನುವ ಹಂತಕ್ಕೆ ಬರುತ್ತದೆ. ೧೯೯೨ರ ದಸರಾ ರಜೆಯಲ್ಲಿ ನಾನು ಏಳನೆಯ ದಿನದಲ್ಲಿದ್ದೆ. (ಹಗ್ಗದ ಇನ್ನೊಂದು ತುದಿಯಲ್ಲಿ ಎಮ್ಮೆ ಇತ್ತು.)

ನನ್ನ ಹೆಸರು ಉಮಾಶಂಕರ್. ನೆಲಮಂಗಲದ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಹೆಂಡತಿ ಶಾಮಲಾ ಏಳು ತಿಂಗಳ ಬಸುರಿ. ನಂದಗುಡಿ ಕಡೆಯ ತನ್ನ ತವರಿಗೆ ಬಂದಿದ್ದಳು. ಶಾಲೆಗೆ ರಜೆ ಬಿಟ್ಟದ್ದೇ ತಡ, ನಾನೂ ಚೀಲ ಹಿಡಿದು ಹಿಂದೆಯೇ ಬಂದೆ. ಆ ಮನೆಯಲ್ಲಿ ಎಲ್ಲರಿಂದಲೂ ಒಂದಲ್ಲ ಒಂದು ಉಪಯೋಗವಿತ್ತು. ಮಾವ ಹನುಮಂತರಾಯಪ್ಪನವರು ರಾಗಿ, ತರಕಾರಿ ಬೆಳೆಯುತ್ತಿದ್ದರು. ಅತ್ತೆ ಅನುಸೂಯಮ್ಮನವರು ಡೇರಿಗೆ ಹಾಲು ಹಾಕುತ್ತಿದ್ದರು. ಭಾಮೈದ ರವಿಚಂದ್ರ ಬೆಂಗಳೂರಿನ ಕಾರ್ಖಾನೆಗೆ ಹೋಗಿ ಬರುತ್ತಿದ್ದ. ಅವನಿಗೂ ಹಬ್ಬಕ್ಕೆಂದು ನಾಲ್ಕು ದಿನ ರಜೆ ಇತ್ತು. ಮಾವನ ತಾಯಿ ಪಾಪಕ್ಕಜ್ಜಿ ಕೂಡ ಎಂಬತ್ತರ ವಯಸ್ಸಿನಲ್ಲಿ ಜಗುಲಿಯ ಮೇಲೆ ಕೂತು ಕೋಳಿ ಓಡಿಸುತ್ತಿದ್ದರು. ನಾನು ಮಾತ್ರ ಊಟ ಮಾಡುತ್ತಿದ್ದೆ.

"ಗಿಡ ಬಿಸಿಲಲ್ಲಿ ಹೆಂಗೆ ಅಡುಗೆ ಮಾಡ್ಕೊಳ್ತದೆ ಅಂತ ಪಾಠ ಹೇಳ್ತಾರಂತೆ, ಒಂದು ಮೆಣಸಿನ ಗಿಡಕ್ಕೆ ಮಣ್ಣು ಏರ್ಸಕ್ಕೆ ಬರಲ್ಲ" ಎಂದು ಮಾವ ಅರಳಿಕಟ್ಟೆಯಲ್ಲಿ ನಾಲ್ಕು ಜನರ ಮುಂದೆ ಹೇಳಿದರಂತೆ. ಈ ಸುದ್ದಿಯನ್ನು ನನಗೆ ಮುಟ್ಟಿಸಿದವಳು ನನ್ನ ಧರ್ಮಪತ್ನಿಯೇ.

"ಎಲ್ಲರೂ ನಕ್ಕರಾ?" ಎಂದೆ.

"ನಗದೆ ಇರ್ತಾರಾ? ನಂಗೇ ನಗು ಬಂತು."

ಅಂದೇ ನಿರ್ಧರಿಸಿದೆ. ವಿಜ್ಞಾನದ ಶಕ್ತಿ ಏನೆಂಬುದನ್ನು ಈ ಮನೆಗೆ ತೋರಿಸದೆ ನೆಲಮಂಗಲದ ಬಸ್ಸು ಹತ್ತುವುದಿಲ್ಲ.

ಅವಕಾಶ ತಾನಾಗಿಯೇ ಬಂತು. ನಾಲ್ಕು ರಾತ್ರಿ ಸುರಿದ ಮಳೆ ಬಿಟ್ಟು ಬೆಳಿಗ್ಗೆ ಎಳೆ ಬಿಸಿಲು ಬಂದಿತ್ತು. ಊರಾಚೆಯ ನೀಲಗಿರಿ ತೋಪಿನಲ್ಲಿ ಅಡ್ಡಾಡುತ್ತಿದ್ದೆ. ಕೊಳೆತ ತರಗೆಲೆಯ ನಡುವೆ ಏನೋ ಎದ್ದು ನಿಂತಿತ್ತು. ದಪ್ಪನೆಯ ಬಿಳಿ ಬುಡ, ಅದರಿಂದ ಬೆರಳು ಬೆರಳಾಗಿ ಕವಲೊಡೆದ ಕೊಂಬೆಗಳು, ಕೊಂಬೆಯ ತುದಿಯಲ್ಲಿ ನಸುಗೆಂಪು. ಸಮುದ್ರದ ಹವಳ ದಾರಿ ತಪ್ಪಿ ಹೊಸಕೋಟೆ ತಾಲ್ಲೂಕಿಗೆ ಬಂದ ಹಾಗಿತ್ತು. ಸುತ್ತ ನೋಡಿದರೆ ಅಂಥವೇ ಹತ್ತು ಹನ್ನೆರಡು! ಹವಳದ ಅಣಬೆ! ಶಾಲೆಯ ಲೈಬ್ರರಿಯಿಂದ ತಂದಿದ್ದ ಅಣಬೆಗಳ ಇಂಗ್ಲಿಷ್ ಪುಸ್ತಕ ಮನೆಯಲ್ಲಿದ್ದ ಚೀಲದಲ್ಲೇ ಇತ್ತು. ಮನೆಗೆ ಓಡಿ, ಪುಸ್ತಕ ತಂದು, ತೋಪಿನಲ್ಲಿ ಮಂಡಿಯೂರಿ ಕೂತು ಹೋಲಿಸಿದೆ. ಹದಿನಾಲ್ಕನೆಯ ಚಿತ್ರ. ರಮೇರಿಯಾ ಬೋಟ್ರೈಟಿಸ್. ತಿನ್ನಲು ಯೋಗ್ಯ, ರುಚಿಕರ. ಒಂದನ್ನು ಕರ್ಚೀಫಿನಲ್ಲಿ ಸುತ್ತಿ, ಆಮೇಲೆ ಚಿತ್ರ ಬರೆಯಲೆಂದು ಜೇಬಿಗೆ ಇಳಿಸಿದೆ. ಉಳಿದವನ್ನು ಟವಲಿನಲ್ಲಿ ಕಟ್ಟಿಕೊಂಡು, ದಿಗ್ವಿಜಯ ಮುಗಿಸಿದ ಅರಸನಂತೆ ಮನೆಯಂಗಳ ಪ್ರವೇಶಿಸಿದೆ.

"ಏನ್ ಮೇಷ್ಟ್ರೆ ಇದು?" ಮಾವ ಬಗ್ಗಿ ನೋಡಿದರು.

"ಹವಳದ ಅಣಬೆ. ಸಾರಿಗೆ ಬಹಳ ಚೆನ್ನಾಗಿರುತ್ತೆ."

"ಹುತ್ತದ ಅಣಬೆ ಗೊತ್ತು. ಹುಲ್ಲಿನ ಮೆದೆ ಪಕ್ಕ ಬರೋದು ಗೊತ್ತು. ಇದನ್ನ ನಾ ಹುಟ್ಟಿದ್ ಮೇಲೆ ಕಂಡಿಲ್ಲ."

"ಅದಕ್ಕೇ ಮಾವ, ವಿಜ್ಞಾನ ಅಂತ ಒಂದಿರೋದು."

ಜಗುಲಿಯಿಂದ ಪಾಪಕ್ಕಜ್ಜಿ ಕೇಳಿದರು: "ಇದನ್ನ ಯಾರು ತಿಂದವ್ರಪ್ಪ?"

"ಅಮೆರಿಕದಲ್ಲಿ ತಿಂತಾರಜ್ಜಿ. ಜಪಾನಿನಲ್ಲೂ ತಿಂತಾರೆ."

"ತಿಂದೋರು ಇನ್ನೂ ಅವ್ರಾ?"

"ಎಲ್ಲಿ?"

"ಭೂಮಿ ಮೇಲೆ."

ಈ ಮೌಢ್ಯಕ್ಕೆ ಮದ್ದು ಅರೆಯದೆ ಬಿಡುವ ಹಾಗಿರಲಿಲ್ಲ. ಅಂಗಳದಲ್ಲೇ ಪಾಠ ಶುರು ಮಾಡಿದೆ. ಹದಿನಾಲ್ಕನೆಯ ಚಿತ್ರ ತೋರಿಸಿದೆ. ಹದಿನೈದನೆಯ ಚಿತ್ರದಲ್ಲಿ ಇದರ ದಾಯಾದಿಯೊಂದಿದೆ, ನೋಡಲು ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ, ಆದರೆ ಅದು ವಿಷ ಎಂದೆ. ಎರಡನ್ನೂ ಬೇರ್ಪಡಿಸಿ ಗುರುತು ಹಿಡಿಯುವುದು ತಜ್ಞರಿಗೆ ಮಾತ್ರ ಸಾಧ್ಯವೆಂದು ಪುಸ್ತಕವೇ ಬರೆದಿತ್ತು. 'ತಜ್ಞರಿಗೆ' ಎನ್ನುವಾಗ ನಾನು ಎದೆಯ ಮೇಲೆ ಕೈ ಇಟ್ಟುಕೊಂಡೆನಂತೆ. (ನನಗೆ ನೆನಪಿಲ್ಲ. ಶಾಮಲಾ ಹೇಳುತ್ತಾಳೆ.)

"ಖಾತ್ರಿ ಐತಾ?" ಅತ್ತೆ ಕೇಳಿದರು.

"ನೂರಕ್ಕೆ ನೂರು."

ಮಾವ ಅತ್ತೆಯ ಮುಖ ನೋಡಿದರು. ಅತ್ತೆ ಅಜ್ಜಿಯ ಮುಖ ನೋಡಿದರು. ಅಜ್ಜಿ ಮೆಲ್ಲಗೆ ತಲೆಯಾಡಿಸಿದರು. ಇದು ಮೆಚ್ಚುಗೆ ಎಂದುಕೊಂಡೆ. ಅತ್ತೆ ಟವಲನ್ನು ಎತ್ತಿಕೊಂಡು ಒಳಗೆ ಹೋದರು.

ಮಧ್ಯಾಹ್ನ ಒಂದು ಗಂಟೆಗೆ ಊಟ. ಮಾವ, ನಾನು, ರವಿಚಂದ್ರ ಸಾಲಾಗಿ ಕೂತೆವು. ಅತ್ತೆ ಮೊದಲು ನನ್ನ ತಟ್ಟೆಗೆ ಮುದ್ದೆ ಇಟ್ಟರು. ಆಮೇಲೆ ಒಲೆಯ ಮಗ್ಗುಲಿಂದ ಪುಟ್ಟದೊಂದು ಮಡಕೆ ತಂದು, ಅದರಿಂದ ನನಗೊಬ್ಬನಿಗೇ ಸಾರು ಬಡಿಸಿದರು. ಮಿಕ್ಕವರಿಗೆ ದೊಡ್ಡ ಪಾತ್ರೆಯಿಂದ. ಅಳಿಯನಿಗೆಂದೇ ಬೇರೆ ಮಡಕೆ! ನನ್ನ ಕಣ್ಣು ತುಂಬಿ ಬಂತು. ನಾನು ಮೊದಲ ತುತ್ತು ನುಂಗುವವರೆಗೆ ಒಬ್ಬರೂ ತಟ್ಟೆಗೆ ಕೈ ಹಾಕಲಿಲ್ಲ. ಎಂಥ ಸಂಸ್ಕಾರ ಎಂದುಕೊಂಡೆ.

"ಹೆಂಗೈತೆ?" ಮಾವ ಕೇಳಿದರು.

"ಅಮೋಘ!"

"ನಾಲಿಗೆ ಏನಾರ ಚುರುಗುಟ್ತದಾ?" ಇದು ಅತ್ತೆ.

"ಇಲ್ಲ ಅತ್ತೆ, ಖಾರ ಹದವಾಗಿದೆ."

ಎಲ್ಲರೂ ಊಟ ಶುರು ಮಾಡಿದರು. ಅವರ ತಟ್ಟೆಯಲ್ಲೂ ಮಸಾಲೆಯಲ್ಲಿ ಮಿಂದ ಕವಲು ಕವಲು ತುಂಡುಗಳು. ನಮ್ಮದಾದ ಮೇಲೆ ಹೆಂಗಸರು ಕೂತರು. ಶಾಮಲಾ ಎರಡು ಸೌಟು ಹಾಕಿಸಿಕೊಂಡಳು. ಅಜ್ಜಿ ಹಲ್ಲಿಲ್ಲದ ಬಾಯಲ್ಲಿ ಚಪ್ಪರಿಸಿದರು. ನನ್ನ ಜೀವನದಲ್ಲಿ ಅಷ್ಟು ಹೆಮ್ಮೆಯಿಂದ ನಾನು ಯಾರ ಊಟವನ್ನೂ ನೋಡಿದವನಲ್ಲ.

ಎರಡು ಗಂಟೆಗೆ ಕೋಣೆ ಸೇರಿ, ಚಿತ್ರ ಬರೆಯೋಣವೆಂದು ಕರ್ಚೀಫು ಬಿಚ್ಚಿದೆ. ಬೆಳಿಗ್ಗೆ ಹಾಲಿನಂತಿದ್ದ ಬುಡದ ಮೇಲೆ, ನಾನು ಬೆರಳಿಟ್ಟು ಹಿಡಿದಿದ್ದ ಕಡೆಯೆಲ್ಲ, ಕಂದು ಬಣ್ಣದ ಕಲೆಗಳು.

ಏನೋ ಕಸಿವಿಸಿಯಾಯಿತು. ಪುಸ್ತಕ ತೆಗೆದೆ. ಹದಿನೈದನೆಯ ಚಿತ್ರದ ಕೆಳಗೆ ಸಣ್ಣ ಅಕ್ಷರದ ನಾಲ್ಕು ಸಾಲಿದ್ದವು; ಅವುಗಳ ಮೇಲೆಯೇ ಶಾಲೆಯವರು ಲೈಬ್ರರಿಯ ನೀಲಿ ಸೀಲು ಒತ್ತಿದ್ದರು. ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ಸೀಲಿನಡಿಯ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದೆ. ಹಿಸುಕಿದ ಜಾಗ ಕಂದು ಬಣ್ಣಕ್ಕೆ ತಿರುಗುವುದೇ ಇದರ ಗುರುತು. ತಿಂದ ಅರ್ಧ ಗಂಟೆಯಿಂದ ಮೂರು ಗಂಟೆಯೊಳಗೆ ಹೊಟ್ಟೆನೋವು, ವಾಂತಿ, ಭೇದಿ. ವೃದ್ಧರಿಗೂ ಗರ್ಭಿಣಿಯರಿಗೂ ಅಪಾಯ ಹೆಚ್ಚು.

ವೃದ್ಧರು ಜಗುಲಿಯ ಮೇಲೆ ಕೂತಿದ್ದರು. ಗರ್ಭಿಣಿ ಎರಡು ಸೌಟು ತಿಂದಿದ್ದಳು.

ತಕ್ಷಣ ಹೊರಗೆ ಓಡಿ ಕೂಗಬೇಕಿತ್ತು. ನಿಜ. ನೀವಾಗಿದ್ದರೆ ಕೂಗುತ್ತಿದ್ದಿರಿ. ನಾನು ಬಾಗಿಲವರೆಗೆ ಬಂದೆ, ಬಾಯಿ ತೆರೆದೆ, ಮಾತು ಹೊರಡಲಿಲ್ಲ. ನೂರಕ್ಕೆ ನೂರು ಎಂದ ಬಾಯಿ ಅದು. ಪುಸ್ತಕದ್ದೇ ತಪ್ಪಿರಬಹುದು, ಈ ಕಲೆ ಬೇರೇನೋ ಇರಬಹುದು, ಯಾರಿಗಾದರೂ ಒಂದು ಚೂರು ಲಕ್ಷಣ ಕಂಡರೆ ಹೇಳಿಬಿಡುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡು ಜಗುಲಿಯ ಮೇಲೆ ಕೂತೆ. ಇಂಥ ಹೇಡಿ ನಾನೆಂದು ಅವತ್ತಿನವರೆಗೆ ನನಗೇ ಗೊತ್ತಿರಲಿಲ್ಲ.

ಕೈಗಡಿಯಾರ ಎರಡೂ ಹತ್ತು ತೋರಿಸುತ್ತಿದ್ದಾಗ ಮಾವ ಚೊಂಬು ಹಿಡಿದು ಹೊರಬಿದ್ದರು.

ಈ ಮನೆಯಲ್ಲಿ ಚೊಂಬು ಹಿಡಿದವರು ಹೊಲದ ಕಡೆ ಹೋಗುವುದು ರೂಢಿ, ಅದೂ ಬೆಳಿಗ್ಗೆ. ಮಾವ ಹೊಲದ ಕಡೆಗೂ ಹೋಗಲಿಲ್ಲ. ಬಿರಬಿರನೆ ನಡೆದು ಪಕ್ಕದ ಮುನಿವೆಂಕಟಪ್ಪನ ಮನೆಯ ಹಿಂದಕ್ಕೆ ಮಾಯವಾದರು. ಅಯ್ಯೋ, ಹೊಲ ಮುಟ್ಟುವಷ್ಟೂ ತಡೆಯಲಾಗಲಿಲ್ಲವೇ!

ರವಿಚಂದ್ರ ಅಂಗಳದಲ್ಲಿ ಮೊಪೆಡ್ಡಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿದ್ದ. ಮೆಲ್ಲಗೆ ಹತ್ತಿರ ಹೋದೆ.

"ಹೇಗಿದೀಯೋ ರವಿ?"

"ನಾನು ಚೆನ್ನಾಗಿದೀನಿ ಭಾವ. ನೀವು ಹೆಂಗಿದೀರಾ?"

"ನನ್ನ ವಿಷಯ ಬಿಡು. ಹೊಟ್ಟೆಗಿಟ್ಟೆ..."

"ನೋಯ್ತಾ ಇದೆಯಾ?"

"ನಿನಗಾ?"

"ನಿಮಗೆ ಭಾವ!"

"ನನಗ್ಯಾಕೆ ನೋಯುತ್ತೆ? ನಿನಗೆ ನೋಯ್ತಿದೆಯಾ ಅಂತ ಕೇಳಿದೆ."

"ನನಗ್ಯಾಕೆ ನೋಯುತ್ತೆ?" ಎಂದು ಅವನು ನನ್ನ ಕಣ್ಣಿನ ಕೆಳರೆಪ್ಪೆಯನ್ನು ನೋಡಿದ. ನಾನು ಅವನ ನಾಲಿಗೆಯ ಬಣ್ಣ ನೋಡಲು ಯತ್ನಿಸಿದೆ. ಇಬ್ಬರೂ ಸಂಶಯದಿಂದಲೇ ದೂರವಾದೆವು.

ಒಳಗೆ ಇಣುಕಿದರೆ ಅತ್ತೆ ನಡುಮನೆಯಲ್ಲಿ ಮುಖಕ್ಕೆ ಸೆರಗು ಹೊದ್ದು ಮಲಗಿದ್ದರು. ಹಗಲು ಹೊತ್ತು ಎಂದೂ ಬೆನ್ನು ನೆಲಕ್ಕೆ ಹಚ್ಚದ ಹೆಂಗಸು! ಸೆರಗಿನೊಳಗಿಂದ ಮನೆದೇವರ ಹೆಸರು ಸಣ್ಣಗೆ ಕೇಳುತ್ತಿತ್ತು. ಅತ್ತೆಯೂ ಬಿದ್ದರು, ಇನ್ನು ಉಳಿದವರು ಅಜ್ಜಿ ಎಂದುಕೊಂಡು ಜಗುಲಿಗೆ ಬಂದೆ. ಅಜ್ಜಿಯ ಎರಡೂ ಕಣ್ಣು ನನ್ನ ಮೇಲೆ ನೆಟ್ಟಿದ್ದವು. ರೆಪ್ಪೆ ಬಡಿಯುತ್ತಿಲ್ಲ. ಕೋಳಿಯೊಂದು ಕಾಲ ಹತ್ತಿರವೇ ರಾಗಿ ಹೆಕ್ಕುತ್ತಿದ್ದರೂ ಓಡಿಸುತ್ತಿಲ್ಲ. ಮುಗಿಯಿತು, ಅಜ್ಜಿ ಹೋಗಿಯೇಬಿಟ್ಟರು! ನಡುಗುವ ಕೈಯನ್ನು ಅವರ ಮುಖದ ಮುಂದೆ ಆಡಿಸಿದೆ.

"ಯಾಕಪ್ಪ ಕೈ ಹಂಗೆ ನಡುಗ್ತದೆ?" ಎಂದರು ಅಜ್ಜಿ. "ಸೆಳೆತ ಬಂದಂಗೆ ಆಯ್ತದಾ?"

ಹಾಗೂ ಹೀಗೂ ಮೂರು ಗಂಟೆ ದಾಟಿತು. ಶಾಮಲಾ ಎಲ್ಲೂ ಕಾಣಲಿಲ್ಲ. ಹಿತ್ತಿಲಿಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಕೈಯಲ್ಲಿ ಸೆರಗು. ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

ಅಲ್ಲಿಗೆ ನನ್ನ ಮಾನ, ಮರ್ಯಾದೆ, ವಿಜ್ಞಾನ ಎಲ್ಲ ಮಣ್ಣುಪಾಲಾಯಿತು. ಅವಳ ಮುಂದೆ ಕುಸಿದು ಕೂತೆ.

"ಶಾಮೂ, ಹೊಟ್ಟೆ ನೋಯ್ತಿದೆಯೇನೇ? ನನ್ನನ್ನ ಕ್ಷಮಿಸಿಬಿಡೇ! ನನ್ನ ಹಾಳು ಬಡಾಯಿಯಿಂದ ನಿನ್ನನ್ನೂ ಮಗೂನೂ... ಅದು ವಿಷದ ಅಣಬೆ ಕಣೇ! ಹದಿನಾಲ್ಕಲ್ಲ, ಹದಿನೈದು!"

ನನ್ನ ಕೂಗಿಗೆ ಮನೆಯೆಲ್ಲ ಹಿತ್ತಿಲಿಗೆ ಓಡಿ ಬಂತು. ಅಜ್ಜಿಯೂ ಕೋಲೂರಿಕೊಂಡು ಬಂದರು. ಎಲ್ಲರೆದುರು ಕೈಮುಗಿದು ನಿಂತೆ. ಅಳುತ್ತಲೇ ಎಲ್ಲ ಒಪ್ಪಿಕೊಂಡೆ. ಕಲೆ, ಸೀಲು, ಸಣ್ಣ ಅಕ್ಷರ, ಒಂದು ಗಂಟೆ ಬಾಯಿ ಮುಚ್ಚಿಕೊಂಡಿದ್ದು, ಯಾವುದನ್ನೂ ಬಿಡಲಿಲ್ಲ.

"ಏಳಿ, ಎಲ್ಲರೂ ಉಪ್ಪುನೀರು ಕುಡೀರಿ! ರವಿ, ಓಡು, ಮುನಿವೆಂಕಟಪ್ಪನ ಟೆಂಪೋ ಇದೆಯಾ ನೋಡು, ಎಲ್ಲರನ್ನೂ ಆಸ್ಪತ್ರೆಗೆ..."

"ಟೆಂಪೋಗೆ ಆವಾಗ್ಲೇ ಹೇಳಿ ಬಂದಿವ್ನಿ," ಎಂದರು ಮಾವ.

"ಯಾವಾಗ?"

"ಊಟ ಆದ್ ಮೇಲೆ. ಹಂಗೇ ಒಂದ್ ಚೊಂಬು ಮಜ್ಜಿಗೆನೂ ಇಸ್ಕೊಂಡ್ ಬಂದಿವ್ನಿ. ನಿಮಗೆ ಬೇಕಾಗ್ತದೇನೋ ಅಂತ."

"ನನಗಾ?"

ರವಿಚಂದ್ರ ಗಂಟಲು ಸರಿಮಾಡಿಕೊಂಡ. "ಭಾವ, ನಾವು ತಿಂದಿದ್ದು ಹೂಕೋಸು."

"ಹೂ..."

"ಕೋಸು. ನಮ್ಮ ತೋಟದ್ದು. ಅಣಬೆ ತಿಂದಿದ್ದು ನೀವೊಬ್ಬರೇ."

ಮಾವ ಸಮಾಧಾನವಾಗಿ ವಿವರಿಸಿದರು. ಅವರ ಅಜ್ಜಿಯ ಕಾಲದಲ್ಲಿ ಯಾರೋ ನೆಂಟರು ಗುರುತಿಲ್ಲದ ಅಣಬೆ ತಂದು, ಮನೆಮಂದಿಯೆಲ್ಲ ಮೂರು ದಿನ ಮೇಲೇಳಲಿಲ್ಲವಂತೆ. ಆವತ್ತಿನಿಂದ ಆ ಮನೆಗೆ ಒಂದು ಕಟ್ಟಳೆ. ಹೊಸ ಜಾತಿಯ ಅಣಬೆ ಬಂದರೆ ತಂದವರಿಗೇ ಮೊದಲು ಬಡಿಸಬೇಕು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವರು ನೆಟ್ಟಗಿದ್ದರೆ ಮಿಕ್ಕವರು ತಿನ್ನಬೇಕು. ಅಲ್ಲಿಯವರೆಗೆ ಅವರ ಮೇಲೆ ಕಣ್ಣಿಟ್ಟಿರಬೇಕು.

ಅಂದರೆ ಮಧ್ಯಾಹ್ನವೆಲ್ಲ ನಾನು ಇವರನ್ನು ಕಾಯುತ್ತಿದ್ದೆ, ಇವರೆಲ್ಲ ನನ್ನನ್ನು ಕಾಯುತ್ತಿದ್ದರು! ರವಿಚಂದ್ರ ಮೊಪೆಡ್ಡಿಗೆ ಪೆಟ್ರೋಲಿದೆಯೇ ಎಂದು ನೋಡುತ್ತಿದ್ದ. ಅತ್ತೆ ಮಗಳ ತಾಳಿಭಾಗ್ಯಕ್ಕೆ ಹರಕೆ ಹೊರುತ್ತಿದ್ದರು.

"ಇಂಥ ಕಟ್ಟಳೆ ಇದೆ ಅಂತ ನನಗೆ ಹೇಳಬಾರದಿತ್ತಾ?" ಎಂದೆ.

"ಹೇಳಿದ್ರೆ ನೀವು ತಿಂತಿದ್ರಾ?" ಎಂದರು ಮಾವ.

ನಾನು ಹೆಂಡತಿಯ ಕಡೆ ತಿರುಗಿದೆ. "ನೀನೂನಾ ಶಾಮಲಾ? ನಿನಗೂ ನನ್ನ ಮೇಲೆ ನಂಬಿಕೆ ಇರಲಿಲ್ವಾ?"

"ನಂಬಿಕೆ ಇತ್ತು ಕಣ್ರೀ! ಇದ್ದಿದ್ದಕ್ಕೇ ನಿಮಗೆ ಬಡಿಸೋವಾಗ ಸುಮ್ನಿದ್ದೆ. ಇಲ್ದಿದ್ರೆ ತಿನ್ನೋಕೆ ಬಿಡ್ತಿದ್ನಾ?" ಎಂದು ಮತ್ತೆ ಅಳತೊಡಗಿದಳು. "ಆಮೇಲೆ ನಿಮ್ಮ ಮುಖ ನೋಡಿ ಭಯ ಆಯ್ತು. ಬಿಳಿಚಿಕೊಂಡು ಮನೆಯೆಲ್ಲ ಸುತ್ತುತಾ ಇದ್ರಿ. ನೀವಿಲ್ದೆ ನಾನು ಹೆಂಗ್ರೀ ಇರ್ಲಿ?"

ಈ ಮಾತಿಗೆ ಕರಗಬೇಕಿತ್ತು. ಆದರೆ ಅಷ್ಟರಲ್ಲಿ, ಇಷ್ಟು ಹೊತ್ತು ಹೊಳೆಯದೇ ಇದ್ದ ಸತ್ಯ ನನ್ನ ತಲೆಗಿಳಿಯಿತು. ತಿಂದವನು ನಾನು. ನಾನೊಬ್ಬನೇ. ಮೂರು ಸಲ ಹಾಕಿಸಿಕೊಂಡು ತಿಂದಿದ್ದೇನೆ! ಅಲ್ಲಿಯವರೆಗೆ ಕಲ್ಲಿನಂತಿದ್ದ ಹೊಟ್ಟೆ ಒಮ್ಮೆಲೇ ಮಥನಕ್ಕೆ ಶುರುವಿಟ್ಟಿತು. ಕಣ್ಣು ಕತ್ತಲಿಟ್ಟಿತು.

"ಹಿಡ್ಕೊಳ್ರೋ!" ಎಂದರು ಮಾವ.

ಆಮೇಲಿನದನ್ನು ಚಿಕ್ಕದಾಗಿ ಹೇಳುತ್ತೇನೆ. ಮಾವ ನನ್ನ ಎರಡೂ ಕೈ ಹಿಡಿದರು. ಅತ್ತೆ ಒಂದು ತಂಬಿಗೆ ಉಪ್ಪುನೀರು ಸುರಿದರು. ಇನ್ನೊಂದು ತಂಬಿಗೆ. ಅದರ ಮೇಲೆ ಹುಣಸೆಹುಳಿ ಕಿವುಚಿದ ನೀರು. ತಿಪ್ಪೆಯ ಪಕ್ಕದಲ್ಲಿ ನಾನು ಮಧ್ಯಾಹ್ನದ ಊಟವನ್ನಷ್ಟೇ ಅಲ್ಲ, ಹಿಂದಿನ ದಿನದ ಹಬ್ಬದಡುಗೆಯನ್ನೂ ಭೂದೇವಿಗೆ ಒಪ್ಪಿಸಿದೆ. ರವಿಚಂದ್ರ ಟೆಂಪೋ ಕರೆಯಲು ಓಡುವ ಮುಂಚೆ, ಡಾಕ್ಟರು ಏನು ತಿಂದಿರಿ ಅಂತ ಕೇಳುತ್ತಾರೆ, ಆ ಅಣಬೆ ಇದ್ದರೆ ಕೊಡಿ ಎಂದ. ಶಾಮಲಾ ಕೋಣೆಯಿಂದ ಕರ್ಚೀಫು ತಂದಳು.

"ತತ್ತಾ ಇಲ್ಲಿ," ಎಂದು ಪಾಪಕ್ಕಜ್ಜಿ ಅದನ್ನು ಕಸಿದುಕೊಂಡರು. ಕಣ್ಣು ಮಂಜಾಗಿದ್ದರಿಂದ ಮೂಗಿಗೆ ಹಿಡಿದು ಮೂಸಿದರು. ಮುಖ ಒಂದು ಥರ ಆಯಿತು. ಮರುಗಳಿಗೆ ಒಂದು ಸೀನು. ಅದರ ಹಿಂದೆ ಇನ್ನೊಂದು. ಆರು ಸೀನಿದ ಮೇಲೆ ಅಜ್ಜಿಗೆ ಉಸಿರು ಬಂತು.

"ಇದು ವಿಷನೂ ಅಲ್ಲ, ಎಂಥದೂ ಅಲ್ಲ. ನಸ್ಯ ಕಣ್ರೋ, ನಸ್ಯ!"

ಇಲ್ಲಿ ನಿಮ್ಮ ಕ್ಷಮೆ ಕೇಳಬೇಕು. ಒಂದು ಸಂಗತಿಯನ್ನು ಹೆಂಡತಿಯಿಂದ ಮುಚ್ಚಿಟ್ಟ ಹಾಗೆ ನಿಮ್ಮಿಂದಲೂ ಮುಚ್ಚಿಟ್ಟಿದ್ದೆ. ನನಗೆ ನಸ್ಯ ಏರಿಸುವ ಅಭ್ಯಾಸವಿದೆ. ಬಸುರಿಯಾದ ಮೇಲೆ ಶಾಮಲಾಗೆ ಅದರ ವಾಸನೆ ಕಂಡರಾಗದು. ಮೂರನೆಯ ತಿಂಗಳಲ್ಲಿ ಅವಳ ತಲೆ ಮುಟ್ಟಿ, ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿದ್ದೆ. ಆಮೇಲೆ ಮನೆಯಲ್ಲಿ ಮುಟ್ಟಿರಲಿಲ್ಲ. ನೀಲಗಿರಿ ತೋಪಿನಲ್ಲಿ ಮುಟ್ಟುತ್ತಿದ್ದೆ. ಬೆರಳು ಒರೆಸಿಕೊಳ್ಳುವುದು ಅದೇ ಕರ್ಚೀಫಿಗೆ.

ಮಾವ ಒದ್ದೆ ಬೆರಳಿಂದ ಕಲೆಯನ್ನು ಉಜ್ಜಿದರು. ಹೋಯಿತು. ಕೆಳಗೆ ಬೆಳ್ಳಗಿತ್ತು. ಉಗುರಿನಿಂದ ಬುಡವನ್ನು ಚೆನ್ನಾಗಿ ಹಿಸುಕಿ ಕಲ್ಲಿನ ಮೇಲಿಟ್ಟರು. ಎಲ್ಲರೂ ಸುತ್ತ ನಿಂತು ಕಾದೆವು. ಹತ್ತು ನಿಮಿಷವಾಯಿತು, ಕಾಲು ಗಂಟೆಯಾಯಿತು. ಬಿಳಿ ಬಿಳಿಯಾಗಿಯೇ ಇತ್ತು. ಹದಿನೈದಲ್ಲ, ಹದಿನಾಲ್ಕೇ! ನನ್ನ ಗುರುತು ಸರಿಯಾಗಿತ್ತು! ತಿಪ್ಪೆಯ ಪಕ್ಕದಿಂದಲೇ ತಲೆಯೆತ್ತಿ, ಯಾರಾದರೂ ಒಂದು ಒಳ್ಳೆಯ ಮಾತು ಆಡುತ್ತಾರೇನೋ ಎಂದು ಸುತ್ತ ನೋಡಿದೆ.

"ನನ್ನ ತಲೆ ಮುಟ್ಟಿ ಆಣೆ ಮಾಡಿದ್ರಲ್ರೀ!" ಎಂದಳು ಶಾಮಲಾ. ಅವಳ ಅಳು ಪೂರ್ತಿ ನಿಂತುಹೋಗಿತ್ತು. ಅಳುತ್ತಿದ್ದರೇ ಚೆನ್ನಾಗಿತ್ತು ಎನಿಸಿತು.

ಅವಳ ವಿಚಾರಣೆ ಮುಗಿಯುವಷ್ಟರಲ್ಲಿ ಸಂಜೆಯಾಯಿತು. ಅತ್ತೆ ದೇವರ ಮುಂದೆ ದೀಪ ಹಚ್ಚಿದರು. ಮಾವ ನನ್ನನ್ನು ನಡುಮನೆಯಲ್ಲಿ ನಿಲ್ಲಿಸಿ, ಎರಡು ಹೆಜ್ಜೆ ನಡೆಸಿ, ಕಣ್ಣು ಬಿಡಿಸಿ ನೋಡಿದರು. "ಪರವಾಗಿಲ್ಲ, ಗಟ್ಟಿಯಾಗವ್ರೆ," ಎಂದು ಘೋಷಿಸಿದರು.

"ವಾಂತಿ ಮಾಡಿದ್ರಲ್ಲಪ್ಪಾ," ಎಂದ ರವಿಚಂದ್ರ.

"ಅದು ನಾವು ಮಾಡ್ಸಿದ್ದು. ಲೆಕ್ಕಕ್ಕಿಲ್ಲ."

ಪುಟ್ಟ ಮಡಕೆ ಮತ್ತೆ ಒಲೆಯೇರಿತು. ಬಸುರಿಗೆ ಬೇಡವೆಂದು ಶಾಮಲಾಗೆ ಕೊಡಲಿಲ್ಲ. ಮಿಕ್ಕವರೆಲ್ಲ ಸುತ್ತ ಕೂತು ಹವಳದ ಅಣಬೆಯ ಸಾರನ್ನು ಸೊರಸೊರ ಸುರಿದು ತಿಂದರು. ನಾನು ಮೂಲೆಯಲ್ಲಿ ಗೋಡೆಗೊರಗಿ, ಉಪ್ಪಿಲ್ಲದ ಗಂಜಿ ಕುಡಿಯುತ್ತ ನೋಡಿದೆ. ಅಜ್ಜಿ ಮಡಕೆಯ ತಳವನ್ನು ಬೆರಳಿಂದ ಬಳಿದರು.

ಮಾವ ಕೈ ತೊಳೆದು ಬಂದು, ನನ್ನ ಪಕ್ಕದಲ್ಲಿ ಕೂತು, ಮೊಟ್ಟಮೊದಲ ಬಾರಿಗೆ ನನ್ನ ಹೆಗಲ ಮೇಲೆ ಕೈ ಹಾಕಿದರು. ಇದಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ!

"ಮೇಷ್ಟ್ರೆ, ನಿಮ್ಮಂಥೋರು ಮನೆಗೊಬ್ರು ಇರ್ಬೇಕು ಕಣಪ್ಪ," ಎಂದರು. "ಕೆರೆ ಏರಿ ಕೆಳಗೆ ಇನ್ನೊಂದ್ ಜಾತಿ ಬರ್ತದೆ. ಕಪ್ಪಗಿರ್ತದೆ, ಮುರಿದ್ರೆ ಒಳಗಿಂದ ಕೆಂಪು ನೀರು ಸುರೀತದೆ. ಮೂರು ತಲೆಮಾರಿಂದ ಯಾರೂ ಬಾಯಿಗಿಟ್ಟಿಲ್ಲ. ನಿಮ್ ರಜೆ ಇನ್ನೂ ನಾಲ್ಕು ದಿನ ಐತಲ್ವಾ?"